ಇದ್ದಲ್ಲೇ ಓಡುವ ಕುರ್ಚಿ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವರಿಗೂ ಡ್ರೈವರ್ ಬ್ರೇಕ್ ಒತ್ತಿದ್ದು ತಿಳಿಯುತ್ತದೆ. ಬಸ್ಸು ಎಡಕ್ಕೆ ತಿರುಗಿತೋ ಬಲಕ್ಕೋ, ತಗ್ಗಿಗೆ ಇಳಿದದ್ದು ಮುಂದಿನ ಗಾಲಿಯೋ ಹಿಂದಿನದೋ ಎಂಬುದನ್ನೂ ಅವರು ಹೇಳಬಲ್ಲರು. ನೋಡದೆಯೇ ಇದೆಲ್ಲ ಗೊತ್ತಾಗುವುದು ಹೇಗೆ? ಬೆನ್ನಿಗೆ ಸೀಟು ಹೇಳುತ್ತದೆ, ಕಾಲಿಗೆ ನೆಲ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಿವಿಯ ಒಳಗೆ ಅಡಗಿರುವ ಪುಟ್ಟ ಅಂಗವೊಂದು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೊಂದಿದೆ. ವರ್ಚುವಲ್ ರಿಯಾಲಿಟಿಯ ದಪ್ಪ ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕಾರ್ ರೇಸ್ ಆಡುವ ಹುಡುಗನನ್ನು ಊಹಿಸಿಕೊಳ್ಳಿ. ಕಣ್ಣಿನ ಮುಂದೆ ರಸ್ತೆ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಆದರೆ ಅವನು ಕುಳಿತಿರುವುದು ಅಲ್ಲಾಡದ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ‘ಓಡುತ್ತಿದ್ದೇನೆ’ ಎನ್ನುತ್ತದೆ ಕಣ್ಣು, ‘ಕುಳಿತಿದ್ದೇನೆ’ ಎನ್ನುತ್ತದೆ ಕಿವಿ. ಈ ಜಗಳದಲ್ಲಿ ಬಡವಾಗುವುದು ಹೊಟ್ಟೆ! ಹತ್ತು ನಿಮಿಷದಲ್ಲಿ ತಲೆ ಸುತ್ತಿ, ಬೆವರು ಒಡೆದು, ವಾಂತಿ ಬಂದಂತಾಗುತ್ತದೆ.

ಈ ಜಗಳವನ್ನು ಬಿಡಿಸಲು ಹೊರಟಿರುವುದೇ ‘ಮೋಷನ್ ಸಿಮ್ಯುಲೇಟರ್’ ಎಂಬ ಚಲಿಸುವ ಕುರ್ಚಿ. ಆಟದ ಕಾರು ವಾಲಿದಾಗ ಇದೂ ವಾಲುತ್ತದೆ, ಅದು ಕುಲುಕಿದಾಗ ಇದೂ ಕುಲುಕುತ್ತದೆ. ಕಂಪನಿಗಳು ತಯಾರಿಸಿದ ಇಂಥ ಕುರ್ಚಿಗಳ ಬೆಲೆ ಲಕ್ಷಗಳನ್ನು ದಾಟುವುದುಂಟು. ಆದರೆ ಹಲವು ದೇಶಗಳ ಹವ್ಯಾಸಿಗಳು ಹಳೆಯ ಕಾರಿನ ಮೋಟರು, ಹಳೆಯ ಸೀಟು, ಕಬ್ಬಿಣದ ಚೌಕ ಪೈಪುಗಳಿಂದ ಇದನ್ನು ಮನೆಯಲ್ಲೇ ಮಾಡಿಕೊಂಡಿದ್ದಾರೆ. ಶಾಸನಗಳಲ್ಲಿ ಕೋಗಳಿ-500 ಎಂದು ಹೆಸರಾದ ನಮ್ಮ ಸೀಮೆಯಲ್ಲೂ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗುಜರಿ ಅಂಗಡಿ ಮತ್ತು ವೆಲ್ಡಿಂಗ್ ಶೆಡ್ಡುಗಳಲ್ಲಿ, ಇದರ ಮುಕ್ಕಾಲು ಪಾಲು ಸಾಮಾನು ಸಿಗುವಂಥದ್ದೇ. ಹೀಗಾಗಿ ಈ ಯಂತ್ರದ ಮರ್ಮ ತಿಳಿದುಕೊಳ್ಳುವುದು ದೂರದ ಮಾತೇನಲ್ಲ.

ಪೀಪಾಯಿ, ತಿದಿ ಮತ್ತು ಟೈರು

ಈ ಯಂತ್ರದ ಪೂರ್ವಜರೆಲ್ಲ ಬಡವರೇ ಎಂಬುದು ಗಮನಿಸಬೇಕಾದ ಸಂಗತಿ. 1910ರ ಸುಮಾರಿಗೆ ಫ್ರಾನ್ಸಿನ ಆಂತ್ವಾನೆತ್ ವಿಮಾನದ ಚಾಲಕರಿಗೆ ತರಬೇತಿ ಕೊಡಲು ಬಳಸಿದ್ದು ಒಂದರ ಮೇಲೊಂದು ಇಟ್ಟ ಎರಡು ಅರ್ಧ ಪೀಪಾಯಿಗಳನ್ನು. ಮೇಲಿನದರಲ್ಲಿ ಶಿಷ್ಯ ಕೂರುತ್ತಿದ್ದ. ಸುತ್ತ ನಿಂತವರು ಅದನ್ನು ಕೈಯಿಂದ ಓಲಾಡಿಸುತ್ತಿದ್ದರು. ಅವನು ಚಕ್ರ ತಿರುಗಿಸಿ ಸಮತೋಲ ಕಾಯ್ದುಕೊಳ್ಳಬೇಕಾಗಿತ್ತು.

ಮುಂದಿನ ಹೆಜ್ಜೆ ಇಟ್ಟವನು ಅಮೆರಿಕದ ಎಡ್ವಿನ್ ಲಿಂಕ್. ಅವನ ತಂದೆಯದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಂತೆ ಆರ್ಗನ್ನಿಗೂ ಗಾಳಿಯೇ ಪ್ರಾಣ. ಆ ಗಾಳಿ ತಿದಿಗಳನ್ನೇ ತೆಗೆದುಕೊಂಡು, ಅವುಗಳ ಮೇಲೆ ಪುಟ್ಟ ವಿಮಾನದ ಆಕಾರದ ಪೆಟ್ಟಿಗೆ ಕೂರಿಸಿ, 1929ರಲ್ಲಿ ಲಿಂಕ್ ತನ್ನ ತರಬೇತಿ ಯಂತ್ರವನ್ನು ಸಿದ್ಧಪಡಿಸಿದ. ಮೊದಮೊದಲು ಇದನ್ನು ಕೊಂಡವರಲ್ಲಿ ಮನರಂಜನಾ ಉದ್ಯಾನಗಳವರೇ ಹೆಚ್ಚು. ಕಾಸು ಹಾಕಿ ಓಲಾಡುವ ಆಟಿಕೆಯೆಂದೇ ಜನ ಅದನ್ನು ಕಂಡರು. 1934ರಲ್ಲಿ ಅಮೆರಿಕದ ಸೇನೆಯ ವೈಮಾನಿಕರು ಅಂಚೆ ಸಾಗಿಸುವ ಹೊಣೆ ಹೊತ್ತು, ಕೆಟ್ಟ ಹವೆಯಲ್ಲಿ ದಿಕ್ಕು ತಪ್ಪಿ ಹಲವರು ಸತ್ತಾಗ ಸೇನೆಗೆ ಈ ಪೆಟ್ಟಿಗೆಯ ನೆನಪಾಯಿತು. ತಲಾ 3,500 ಡಾಲರ್ ಕೊಟ್ಟು 6 ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ವೈಮಾನಿಕರು ಅದರೊಳಗೆ ಕುಳಿತು ಕಲಿತರು. ಆಟಿಕೆ ಪಾಠಶಾಲೆಯಾಯಿತು.

ಇಂದಿನ ದೊಡ್ಡ ಸಿಮ್ಯುಲೇಟರುಗಳ ಕೆಳಗೆ ಕಾಣುವ ಆರು ಕಾಲಿನ ವೇದಿಕೆ ಹುಟ್ಟಿದ್ದು ಟೈರಿನ ದೆಸೆಯಿಂದ. ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಎಂಜಿನಿಯರ್ ಎರಿಕ್ ಗಫ್, ಟೈರನ್ನು ಎಲ್ಲ ದಿಕ್ಕುಗಳಿಂದಲೂ ಒತ್ತಿ ಪರೀಕ್ಷಿಸಲು 1950ರ ದಶಕದಲ್ಲಿ ಇದನ್ನು ರೂಪಿಸಿದ. 1965ರಲ್ಲಿ ಡಿ. ಸ್ಟುವರ್ಟ್ ಎಂಬಾತ ವಿಮಾನ ಸಿಮ್ಯುಲೇಟರಿಗೆ ಇಂಥ ವೇದಿಕೆಯನ್ನು ಸೂಚಿಸಿ ಪ್ರಬಂಧ ಬರೆದ. ಅದಕ್ಕೆ ಸ್ಟುವರ್ಟನ ಹೆಸರೇ ನಿಂತಿತು.

ಆರೂ ಕಾಲುಗಳು ಉದ್ದ-ಗಿಡ್ಡವಾಗುತ್ತ ಮೇಲಿನ ಹಲಗೆಯನ್ನು ಬೇಕಾದ ಹಾಗೆ ತಿರುಗಿಸುತ್ತವೆ. ಹಲಗೆ ಹೀಗಿರಬೇಕು ಎಂದರೆ ಕಾಲುಗಳ ಉದ್ದವನ್ನು ಲೆಕ್ಕ ಹಾಕುವುದು ಸುಲಭ. ಆದರೆ ಕಾಲುಗಳ ಉದ್ದ ಮಾತ್ರ ಕೊಟ್ಟು ಹಲಗೆ ಹೇಗಿದೆ ಹೇಳಿ ಎಂದರೆ ಗಣಿತ ತಬ್ಬಿಬ್ಬಾಗುತ್ತದೆ. ಉತ್ತರಗಳು 40ರವರೆಗೂ ಇರಬಹುದು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಯಂತ್ರದ ಮೇಲೆ ಸಂಶೋಧನೆ ನಡೆಸಿದ ಭಾಸ್ಕರ್ ದಾಸ್‌ಗುಪ್ತಾ ಮತ್ತು ಟಿ.ಎಸ್. ಮೃತ್ಯುಂಜಯ 2000ದಲ್ಲಿ ಪ್ರಕಟಿಸಿದ ಸಮೀಕ್ಷಾ ಪ್ರಬಂಧ, ಈ ವಿಷಯಕ್ಕೆ ಕೈಹಾಕುವವರು ಓದಲೇಬೇಕಾದದ್ದು. ಅದೇ ಬೆಂಗಳೂರಿನಲ್ಲಿ 2010ರಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಸೇರಿ ಹೆಲಿಕಾಪ್ಟರ್ ಚಾಲಕರಿಗಾಗಿ ಪೂರ್ಣ ಪ್ರಮಾಣದ ಸಿಮ್ಯುಲೇಟರ್ ಶಾಲೆಯನ್ನೇ ತೆರೆದವು.

ಕಿವಿಯನ್ನು ನಂಬಿಸುವ ಉಪಾಯ

ಕುರ್ಚಿ ಕೋಣೆಯಿಂದ ಒಂದು ಗೇಣೂ ಆಚೆ ಹೋಗುವುದಿಲ್ಲ. ಹಾಗಿದ್ದೂ ಓಡಿದ ಅನುಭವ ಬರುವುದು ಹೇಗೆ?

ಒಳಗಿವಿಯಲ್ಲಿ ದ್ರವ ತುಂಬಿದ, ಅರ್ಧ ಬಳೆಯಂಥ ಮೂರು ನಾಳಗಳಿವೆ. ತಲೆ ತಿರುಗಿದಾಗ ಒಳಗಿನ ದ್ರವ ತುಸು ಹಿಂದುಳಿಯುತ್ತದೆ. ತಿರುವು ತಿಳಿಯುವುದು ಇದರಿಂದ. ಪಕ್ಕದಲ್ಲೇ ಅಂಟಿನಂಥ ಪದರದ ಮೇಲೆ ಸುಣ್ಣದ ಸಣ್ಣ ಹರಳುಗಳಿವೆ. ಬಸ್ಸು ಮುಂದಕ್ಕೆ ನುಗ್ಗಿದಾಗ ಈ ಹರಳುಗಳು ಹಿಂದಕ್ಕೆ ಜಾರುತ್ತವೆ. ಆದರೆ ತಲೆಯನ್ನು ಹಿಂದಕ್ಕೆ ವಾಲಿಸಿದಾಗಲೂ ಅವು ಭೂಮಿಯ ಸೆಳೆತಕ್ಕೆ ಹಿಂದಕ್ಕೇ ಜಾರುತ್ತವೆ! ಓಟ ಯಾವುದು, ಓರೆ ಯಾವುದು ಎಂಬ ವ್ಯತ್ಯಾಸ ಆ ಹರಳುಗಳಿಗೆ ತಿಳಿಯದು. ಬೇರೆ ಮಾಡಿ ಹೇಳಬೇಕಾದದ್ದು ಕಣ್ಣು.

ಇಡೀ ಯಂತ್ರ ನಿಂತಿರುವುದು ಈ ದೌರ್ಬಲ್ಯದ ಮೇಲೆ. ಕನ್ನಡಕದಲ್ಲಿ ಕಾರು ವೇಗ ಹೆಚ್ಚಿಸಿದಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಬೆನ್ನು ಸೀಟಿಗೆ ಒತ್ತುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ಬಾಗಿಸಿದರೆ ದೇಹ ಬೆಲ್ಟಿಗೆ ಜೋತು ಬೀಳುತ್ತದೆ. ಕುರ್ಚಿ 10 ಡಿಗ್ರಿ ವಾಲಿದರೆ ಭೂಮಿಯ ಸೆಳೆತದ ಸುಮಾರು ಆರನೇ ಒಂದು ಪಾಲು ಬಲ ಬೆನ್ನಿಗೆ ಬರುತ್ತದೆ. ನಿಜವಾದ ರೇಸಿನ ಮುಂದೆ ಇದು ಅಲ್ಪವೇ ಸರಿ. ಆದರೂ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ವಾಲಿಸುವುದರಲ್ಲೂ ನಯ ಬೇಕು. ದೊಡ್ಡ ಸಿಮ್ಯುಲೇಟರುಗಳಲ್ಲಿ ಸೆಕೆಂಡಿಗೆ ಸುಮಾರು 3 ಡಿಗ್ರಿಗಿಂತ ನಿಧಾನವಾಗಿ ವಾಲಿಸುತ್ತಾರೆ. ಅಷ್ಟು ನಿಧಾನವಾದ ತಿರುವು ನಾಳಗಳ ಗಮನಕ್ಕೆ ಬರುವುದಿಲ್ಲ. ಮೊದಲು ಒಂದು ಚುರುಕು ಜಗ್ಗು, ನಂತರ ಸದ್ದಿಲ್ಲದ ವಾಲುವಿಕೆ, ಕೊನೆಗೆ ಅರಿವಿಗೆ ಬಾರದಂತೆ ಮೊದಲಿನ ಜಾಗಕ್ಕೆ ವಾಪಸು. ಕುರ್ಚಿಯನ್ನು ಗಡಗಡ ಅಲುಗಾಡಿಸುವುದು ಯಾರಿಂದಲೂ ಆದೀತು. ಎಷ್ಟು ಅಲುಗಿಸಬಾರದು ಎಂದು ತಿಳಿಯುವುದೇ ವಿದ್ಯೆ.

ಗುಜರಿ ಅಂಗಡಿಯಿಂದ ಅಂಗಳಕ್ಕೆ

ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಎರಡೇ ಚಲನೆಗಳ ಕುರ್ಚಿಯನ್ನು: ಹಿಂದೆ-ಮುಂದೆ ಬಾಗುವುದು, ಎಡ-ಬಲಕ್ಕೆ ವಾಲುವುದು. ನೆಲಕ್ಕೆ ಚೌಕ ಪೈಪಿನ ಅಗಲವಾದ ಚೌಕಟ್ಟು. ನಡುವೆ ಒಂದು ಗಟ್ಟಿ ಕಂಬ. ಅದರ ತಲೆಗೆ ಹಳೆಯ ವಾಹನದ ಯೂನಿವರ್ಸಲ್ ಜಾಯಿಂಟ್. ಅದರ ಮೇಲೆ ಕಾರಿನ ಸೀಟು.

ಸೀಟಿನ ಹಿಂಬದಿಯ ಎರಡು ಮೂಲೆಗಳಿಗೆ ಒಂದೊಂದು ಮೋಟರು. ಹವ್ಯಾಸಿಗಳ ಮೆಚ್ಚಿನದು ಕಾರಿನ ಗಾಜು ಒರೆಸುವ ವೈಪರ್ ಮೋಟರು. ಅದು ನಿಧಾನವಾಗಿ ತಿರುಗುತ್ತದೆ, ಆದರೆ ಒಳಗಿನ ಹಲ್ಲುಗಾಲಿಗಳಿಂದಾಗಿ ಬಲ ಜಾಸ್ತಿ. ಕೊಳ್ಳುವಾಗ ಒಂದು ಎಚ್ಚರ: ಕಾರಿನದು 12 ವೋಲ್ಟ್, ಲಾರಿಯದು ಸಾಮಾನ್ಯವಾಗಿ 24 ವೋಲ್ಟ್, ಎರಡನ್ನೂ ಬೆರೆಸಬಾರದು. ಮೋಟರಿಗೆ ಸಣ್ಣ ತೋಳು, ತೋಳಿನಿಂದ ಸೀಟಿಗೆ ಸರಳು. ಎರಡೂ ಮೋಟರು ಒಟ್ಟಿಗೆ ಎತ್ತಿದರೆ ಸೀಟು ಮುಂದಕ್ಕೆ ಬಾಗುತ್ತದೆ. ಒಂದು ಎತ್ತಿ ಇನ್ನೊಂದು ಇಳಿಸಿದರೆ ಪಕ್ಕಕ್ಕೆ ವಾಲುತ್ತದೆ. ತೋಳಿನ ಉದ್ದ ಇಮ್ಮಡಿ ಮಾಡಿದರೆ ಚಲನೆ ಹೆಚ್ಚುತ್ತದೆ, ಬಲ ಅರ್ಧವಾಗುತ್ತದೆ.

ಭಾರವನ್ನೆಲ್ಲ ಮೋಟರಿನ ಮೇಲೆ ಹೊರಿಸುವುದು ತಪ್ಪು. ಬಾವಿಯ ಏತದ ಹಿಂಬದಿಗೆ ಕಲ್ಲು ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಈ ಸೂತ್ರ ಗೊತ್ತಿತ್ತು. ಕುಳಿತವನ ಭಾರ ಜಾಯಿಂಟಿನ ನೇರಕ್ಕೇ ಬರುವಂತೆ ಸೀಟನ್ನು ಹಿಂದೆ-ಮುಂದೆ ಸರಿಸಿ, ಉಳಿದದ್ದನ್ನು ಸ್ಪ್ರಿಂಗುಗಳಿಗೆ ವಹಿಸಬೇಕು. ಹಾಗೆ ಮಾಡಿದರೆ ಮೋಟರು ಭಾರ ಹೊರುವುದಿಲ್ಲ, ಭಾರವನ್ನು ಅತ್ತಿತ್ತ ತಳ್ಳುತ್ತದೆ ಅಷ್ಟೆ.

ಇನ್ನು ಮಿದುಳು. ಆಟದ ಪ್ರೋಗ್ರಾಂ ಕಾರಿನ ವೇಗ, ವಾಲು, ಕುಲುಕುಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಅಂಕಿಗಳಾಗಿ ಹೊರಗೆ ಕೊಡುತ್ತದೆ. ಅದನ್ನು ಪಡೆಯುವುದು ಆರ್ಡುಯಿನೊ ಎಂಬ ಅಂಗೈಯಗಲದ ಕಾರ್ಡು. ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿ 2005ರಲ್ಲಿ ರೂಪಿಸಿದ ಇದು ಈಗ ಅಂಚೆಯಲ್ಲಿ ಎಲ್ಲಿಗೆ ಬೇಕಾದರೂ ಬರುತ್ತದೆ. ಮೋಟರಿನ ಅಚ್ಚಿಗೆ ರೇಡಿಯೊದ ವಾಲ್ಯೂಮ್ ಗುಂಡಿಯಂಥ ಒಂದು ಪುಟ್ಟ ಭಾಗವನ್ನು ಜೋಡಿಸಿರುತ್ತಾರೆ. ತೋಳು ಸದ್ಯ ಎಲ್ಲಿದೆ ಎಂದು ಅದು ಹೇಳುತ್ತದೆ. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಇರುವ ಅಂತರ ನೋಡಿ ಕಾರ್ಡು ಮೋಟರನ್ನು ನಡೆಸುತ್ತದೆ. ಕಿರಾಣಿ ಅಂಗಡಿಯವರು ತಕ್ಕಡಿಗೆ ಕಾಳು ಹಾಕುವ ಹಾಗೆ: ದೂರವಿದ್ದಾಗ ಬೊಗಸೆ, ಹತ್ತಿರ ಬಂದಾಗ ಚಿಟಿಕೆ. ಈ ಹದ ತಪ್ಪಿದರೆ ಕುರ್ಚಿ ಗುರಿ ದಾಟಿ, ಹಿಂತಿರುಗಿ, ಮತ್ತೆ ದಾಟಿ, ಮಲೇರಿಯಾ ಬಂದವರಂತೆ ನಡುಗುತ್ತದೆ.

ಕನ್ನಡಕದ ತಂಟೆ

ಟಿ.ವಿ. ಪರದೆಯ ಮುಂದೆ ಇಷ್ಟು ಸಾಕು. ಕನ್ನಡಕ ಹಾಕಿದ ಕೂಡಲೇ ಹೊಸ ತೊಡಕು. ಕನ್ನಡಕಕ್ಕೆ ತಲೆ ತಿರುಗಿದ್ದಷ್ಟೇ ಗೊತ್ತು, ಯಾಕೆ ತಿರುಗಿತೆಂದು ಗೊತ್ತಿಲ್ಲ. ಕುರ್ಚಿ ಬಾಗಿದಾಗ ತಲೆಯೂ ಬಾಗುತ್ತದೆ. ಹುಡುಗ ಕೆಳಗೆ ನೋಡುತ್ತಿದ್ದಾನೆಂದು ತಿಳಿದು ಅದು ಚಿತ್ರವನ್ನೇ ಬದಲಿಸುತ್ತದೆ. ಹೋಗಬೇಕಾದ ವಾಕರಿಕೆ ಇಮ್ಮಡಿಯಾಗಿ ಮರಳುತ್ತದೆ. ಇದಕ್ಕೆ ಪರಿಹಾರ, ಕುರ್ಚಿಗೇ ಇನ್ನೊಂದು ಚಲನಮಾಪಕ ಕಟ್ಟುವುದು. ತಲೆಯ ಚಲನೆಯಲ್ಲಿ ಕುರ್ಚಿಯ ಚಲನೆಯನ್ನು ಕಳೆದರೆ ಉಳಿಯುವುದು ಕತ್ತಿನ ಚಲನೆ ಮಾತ್ರ. ಬರೀ ಒಂದು ಕಳೆಯುವ ಲೆಕ್ಕ! ಆದರೆ ಅದು ಕ್ಷಣಮಾತ್ರ ತಡವಾದರೂ ದೇಹ ಕಂಡುಹಿಡಿಯುತ್ತದೆ.

ಮೊದಲು ಮರಳಿನ ಚೀಲ

ಎತ್ತರದಲ್ಲಿ ಭಾರವಿಟ್ಟುಕೊಂಡು ಅಲುಗುವ ಯಾವುದೇ ವಸ್ತುವನ್ನು ಹಗುರವಾಗಿ ಕಾಣಬಾರದು. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ತೇರು ಉರುಳಿದ್ದನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರ್ಚಿ ತೇರಲ್ಲ ನಿಜ. ಆದರೆ ಅದರಲ್ಲಿ ಕೂರುವುದು ಮನೆಯ ಮಗು, ಅದೂ ಕಣ್ಣು ಕಟ್ಟಿಕೊಂಡು, ಬೆಲ್ಟು ಬಿಗಿದುಕೊಂಡು.

ಮೊದಲ ಓಟದಲ್ಲಿ ಮನುಷ್ಯರನ್ನು ಕೂರಿಸಬಾರದು. 60-70 ಕಿಲೋ ಮರಳಿನ ಚೀಲವನ್ನು ಸೀಟಿಗೆ ಬಿಗಿದು, ಗಂಟೆಗಟ್ಟಲೆ ಓಡಿಸಿ, ಪ್ರತಿ ಬೆಸುಗೆಯನ್ನೂ ಬೋಲ್ಟನ್ನೂ ನೋಡಬೇಕು. ಕುಳಿತವರ ಕೈಗೆ ಸಿಗುವಂತೆ ಕೆಂಪು ಗುಂಡಿ ಇರಲೇಬೇಕು. ಅದು ಕಂಪ್ಯೂಟರಿಗೆ ಬಿನ್ನಹ ಮಾಡಿಕೊಳ್ಳುವ ಗುಂಡಿಯಾಗಿರಬಾರದು, ಮೋಟರಿನ ಕರೆಂಟನ್ನೇ ಕತ್ತರಿಸಬೇಕು. ಮೋಟರಿಗೊಂದು ಫ್ಯೂಸ್, ಚೌಕಟ್ಟಿಗೆ ಅರ್ಥಿಂಗ್, 230 ವೋಲ್ಟಿನ ತಂತಿ ಕುರ್ಚಿಯಿಂದ ದೂರ. ತೋಳು-ಸರಳುಗಳ ಸುತ್ತ ತಗಡಿನ ಮರೆ ಇಲ್ಲದಿದ್ದರೆ ಬೆರಳು, ಜಡೆ, ಸೆರಗು ಯಾವುದಾದರೂ ಸಿಕ್ಕೀತು. ಕರೆಂಟು ಹೋಗಿ ಬರುವ ನಮ್ಮ ಕಡೆ ಇನ್ನೊಂದು ಮಾತು: ವಿದ್ಯುತ್ ಮರಳಿದಾಗ ಕುರ್ಚಿ ತಾನಾಗಿ ಎಗರಬಾರದು, ಗುಂಡಿ ಒತ್ತಿದ ಮೇಲಷ್ಟೇ ಏಳಬೇಕು. ಬೆನ್ನು-ಕತ್ತಿನ ನೋವು, ಮೂರ್ಛೆರೋಗ ಇದ್ದವರು ಮತ್ತು ಬಸುರಿಯರು ಇದರಿಂದ ದೂರವಿರುವುದು ಕ್ಷೇಮ.

ಆಟವೋ ಪಾಠವೋ

‘ಇಷ್ಟೆಲ್ಲ ಒಂದು ಆಟಕ್ಕಾಗಿಯೇ?’ ಎಂದು ಹಿರಿಯರು ಕೇಳಿದರೆ ತಪ್ಪಿಲ್ಲ. ಲಿಂಕನ ಪೆಟ್ಟಿಗೆಯನ್ನೂ ಜನ ಹೀಗೆಯೇ ಕೇಳಿದ್ದರು. ಬೆಂಗಳೂರಿನಲ್ಲಿರುವ, 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಇಂಥ ಯಂತ್ರಗಳಲ್ಲಿ ಕೂರಿಸಿ, ಮೋಡದೊಳಗೆ ಕಿವಿ ಹೇಗೆ ಸುಳ್ಳು ಹೇಳುತ್ತದೆ ಎಂಬುದನ್ನು ಅನುಭವಕ್ಕೆ ತರುತ್ತಾರೆ. ಕೂಡ್ಲಿಗಿಯನ್ನು ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ, ಒಂದೇ ತಪ್ಪನ್ನು ಹತ್ತು ಸಲ ಮಾಡಿ ಹನ್ನೊಂದನೇ ಸಲ ತಿದ್ದಿಕೊಳ್ಳುವ ಅವಕಾಶವನ್ನು ಹೊಸ ಚಾಲಕನಿಗೆ ಕೊಡುವುದಿಲ್ಲ. ಕುರ್ಚಿ ಕೊಡುತ್ತದೆ. ಹಾಗೆಂದು ಅದು ರಸ್ತೆಗೆ ಬದಲಿಯಲ್ಲ. ಹೊತ್ತು ತಪ್ಪಿ ಅಲುಗುವ ಕುರ್ಚಿ ತಪ್ಪು ಅಭ್ಯಾಸವನ್ನೇ ಕಲಿಸುತ್ತದೆ. ಅದಕ್ಕಿಂತ ಅಲುಗದ ಕುರ್ಚಿಯೇ ಮೇಲು.

ಇನ್ನೊಂದು ಲಾಭವೂ ಇದೆ. ಎಂಜಿನಿಯರಿಂಗ್ ಕಾಲೇಜು ಹೂವಿನಹಡಗಲಿಯವರೆಗೆ ಬಂದಿದೆ. ಟ್ರೇಲರ್ ಮುರಿದರೆ ಸಂಜೆಯೊಳಗೆ ಬೆಸೆದು ಕೊಡುವ ಕೈಗಳು ಪ್ರತಿ ಊರಿನಲ್ಲೂ ಇವೆ. ಆದರೆ ಲೆಕ್ಕ ಬಲ್ಲವರಿಗೆ ಬೆಸುಗೆ ಬಾರದು, ಬೆಸುಗೆ ಬಲ್ಲವರನ್ನು ಲೆಕ್ಕಕ್ಕೆ ಕರೆಯುವವರಿಲ್ಲ. ಈ ಕುರ್ಚಿಯನ್ನು ಇಬ್ಬರಲ್ಲಿ ಒಬ್ಬರೇ ಮಾಡಲು ಹೋದರೆ ಅದು ಒಂದೋ ನಡುಗುತ್ತದೆ, ಇಲ್ಲವೇ ಮುರಿಯುತ್ತದೆ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೂತು ಮಾಡಿದರೆ ಮಾತ್ರ, ಇದ್ದ ಜಾಗದಲ್ಲೇ ಇದ್ದು ಅದು ಓಡೀತು.