ಬಸ್ಸು ಹತ್ತುವುದು ಸೊಳ್ಳೆಯಲ್ಲ, ಜ್ವರ!

ಮಂಗಳೂರು: ಮಳೆ ಹಿಡಿಯಿತೆಂದರೆ ಪೇಟೆಯ ಅಂಗಡಿಗಳಲ್ಲಿ ಸೊಳ್ಳೆ ಬತ್ತಿಗೆ ಗಿರಾಕಿ ಜಾಸ್ತಿ. ಬತ್ತಿಯ ಜೊತೆ ಒಂದು ಹಳೇ ಮಾತೂ ಬಿಟ್ಟಿಯಾಗಿ ಸಿಗುತ್ತದೆ: "ಈ ಮಲೇರಿಯಾ ಎಲ್ಲ ಹೊರಗಿನಿಂದ ಬಂದ ಕೆಲಸದವರು ತಂದದ್ದು ಮಾರಾಯ್ರೆ!"

ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ಊರಿನವರ ತಾರಸಿ ಮೇಲೆಯೇ ಕೂತಿದೆ.

1990ರ ದಶಕದಲ್ಲಿ ನಗರದಲ್ಲಿ ಮಾಳಿಗೆ ಮೇಲೆ ಮಾಳಿಗೆ ಏಳತೊಡಗಿತು. ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಜನ ಬಂದರು. ಅದೇ ಕಾಲಕ್ಕೆ ಮಲೇರಿಯಾವೂ ಬೇರುಬಿಟ್ಟಿತು. ಮಲೇರಿಯಾದ ವೈವ್ಯಾಕ್ಸ್ ರೋಗಾಣು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. ಆಸಾಮಿ ಗಟ್ಟಿಮುಟ್ಟಾಗಿಯೇ ಬಸ್ಸು ಹತ್ತುತ್ತಾನೆ, ಇಳಿದ ಊರಲ್ಲಿ ಜ್ವರ ಏಳುತ್ತದೆ. ಗೊತ್ತಿದ್ದೂ ತಂದದ್ದಲ್ಲ.

ಆದರೆ ಮಲೇರಿಯಾ ಹರಡಲು ನಡುವೆ ಅನಾಫಿಲಿಸ್ ಹೆಣ್ಣು ಸೊಳ್ಳೆ ಬೇಕೇ ಬೇಕು. ಪೇಟೆಯ ಅನಾಫಿಲಿಸ್ ಸ್ಟೀಫೆನ್ಸಿ ಚರಂಡಿಯ ಕೊಚ್ಚೆಯನ್ನು ಅಷ್ಟಾಗಿ ಕೇಳುವುದಿಲ್ಲ. ಅದಕ್ಕೆ ಒಳ್ಳೇ ನೀರು ಬೇಕು: ಮುಚ್ಚಳ ಒಡೆದ ಟ್ಯಾಂಕು, ಬಾವಿ, ಕಾಂಕ್ರೀಟು ಗಟ್ಟಿಯಾಗಲೆಂದು ಕಟ್ಟಿ ನಿಲ್ಲಿಸಿದ ನೀರು. ಅರೆಬರೆ ಕಟ್ಟಡದಲ್ಲಿ ಪರದೆ ಇಲ್ಲದೆ ಮಲಗುವ ಕಾರ್ಮಿಕನಿಗೇ ಮೊದಲ ಕಡಿತ. ಬಂದವನು ರೋಗ ತಂದನೋ, ಬಂದ ಮೇಲೆ ಅವನಿಗೇ ತಗುಲಿತೋ, ಹೇಳುವವರಾರು?

ಡೆಂಗ್ಯೂ ಕತೆಯೂ ಹೀಗೇ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ ಹುಟ್ಟಿದಲ್ಲಿಂದ 400 ಮೀಟರ್ ದಾಟುವುದು ಕಷ್ಟ. ಊರಿಂದೂರಿಗೆ ವೈರಸ್ಸು ಸಾಗುವುದು ಪ್ರಯಾಣಿಕನ ರಕ್ತದಲ್ಲಿ. ಜ್ವರ ಕಾಣಿಸುವ ಒಂದೆರಡು ದಿನ ಮೊದಲೇ ಅವನನ್ನು ಕಚ್ಚಿದ ಸೊಳ್ಳೆಗೆ ಸೋಂಕು ತಗುಲಬಹುದು.

ಸೊಳ್ಳೆ ದೂರ ಹೋದರೂ ಮನುಷ್ಯನ ಸಾಮಾನಿನ ಜೊತೆಗೇ. ಹಳೇ ಟೈರಿಗೆ ಅಂಟಿದ ಈಡಿಸ್ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದು. ನೀರು ತಾಗಿತೋ, ಮರಿ! ಏಷ್ಯಾದ ಹುಲಿಸೊಳ್ಳೆ 1985ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕಾಣಿಸಿಕೊಂಡಿತು. ಹೋದದ್ದು ಹಳೇ ಟೈರಿನ ಸರಕಿನಲ್ಲೆಂದು ತಜ್ಞರ ಅಂಬೋಣ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಸೊಳ್ಳೆ ಸಾಕಿದವರಿಗೆ ದಂಡವನ್ನೂ ಇಟ್ಟಿತು. ನಗರದ ಮನೆಗೆ 400 ರೂಪಾಯಿ, ಅಂಗಡಿ-ಹೋಟೆಲಿಗೆ 1,000, ಕಟ್ಟಡ ಕಟ್ಟುವ ಜಾಗಕ್ಕೆ 2,000.

ದಂಡ ಕಟ್ಟುವುದಕ್ಕಿಂತ ಸುಲಭದ ದಾರಿ ಇದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರದ ಮೇಲಾದರೂ ಬೇಕು. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ತಿಕ್ಕಿ ತೊಳೆದರೆ ಅದರ ಕತೆ ಅಲ್ಲಿಗೇ ಮುಗಿಯಿತು.

ಬಸ್ಸು ನಿಲ್ಲಿಸಲಾಗದು. ದುಡಿಯಲು ಬರುವವರಿಗೆ ಬರಬೇಡಿ ಎನ್ನಲೂ ಆಗದು. ಆ ಮಾಳಿಗೆಗಳನ್ನು ಕಟ್ಟಿದ್ದು ಅವರೇ. ಟ್ಯಾಂಕಿನ ಮುಚ್ಚಳ ಹಾಕಲು ಮಾತ್ರ ಯಾರ ಅಪ್ಪಣೆ ಬೇಕು ಸ್ವಾಮಿ?