ಬ್ಯಾಟು ಅಟ್ಟ ಸೇರುವ ಮುನ್ನ ಒಂದು ಫೋಟೊ

ಅಮೆರಿಕದ ಹೈಸ್ಕೂಲುಗಳಲ್ಲಿ ಹನ್ನೆರಡನೇ ತರಗತಿಯವರನ್ನು ‘ಸೀನಿಯರ್’ ಎನ್ನುತ್ತಾರೆ. ಶಾಲೆ ಬಿಡುವ ಆ ವರ್ಷ ತೆಗೆಸುವ ಫೋಟೊಗೆ ‘ಸೀನಿಯರ್ ಪೋರ್ಟ್ರೇಟ್’ ಎಂದೇ ಹೆಸರು. ಶಾಲೆಯ ಇಯರ್‌ಬುಕ್‌ಗೆ ಅಚ್ಚುಕಟ್ಟಾದ ಮುಖಚಿತ್ರವೊಂದು ಸಾಕು. ಆಟವಾಡಿದ ಮಕ್ಕಳು ಮಾತ್ರ ತಮ್ಮ ಹೆಲ್ಮೆಟ್ಟು, ರ‍್ಯಾಕೆಟ್ಟು, ಬೇಸ್‌ಬಾಲ್ ಗ್ಲೌಸಿನ ಜೊತೆ ಇನ್ನೂ ಕೆಲವು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರು ಮುಂದೆ ಕಾಲೇಜು ತಂಡದಲ್ಲಿ ಆಡುವುದಿಲ್ಲ. ಆ ಜರ್ಸಿ ತೊಡುವುದು ಅದೇ ಕೊನೆ.

ನಮ್ಮಲ್ಲಿ ಈ ವಿದಾಯ ಸದ್ದಿಲ್ಲದೆ ಆಗಿಹೋಗುತ್ತದೆ. ಹತ್ತನೇ ಕ್ಲಾಸು ಬಂತು, ಟ್ಯೂಷನ್ ಶುರುವಾಯಿತು, ಕಿಟ್ ಬ್ಯಾಗು ಅಟ್ಟ ಸೇರಿತು. ಐದಾರು ವರ್ಷ ನಸುಕಿನಲ್ಲೆದ್ದು, ಲೋಕಲ್ ಹಿಡಿದು ಶಿವಾಜಿ ಪಾರ್ಕಿಗೆ ಹೋದ ಹುಡುಗನ ಪಾಲಿಗೆ ಉಳಿಯುವುದು ಕಪ್ ಹಿಡಿದ ಒಂದು ಗ್ರೂಪ್ ಫೋಟೊ. ಅದರಲ್ಲೂ ಅವನು ಹಿಂದಿನ ಸಾಲಿನಲ್ಲಿ! ಅಮೆರಿಕದ ಈ ರೂಢಿಯನ್ನು ನಾವೂ ಸ್ವಲ್ಪ ಎರವಲು ಪಡೆಯಬಹುದು. ಮೊಬೈಲ್ ಕ್ಯಾಮೆರಾ ಇದ್ದರೂ ನಡೆಯುತ್ತದೆ.

ಒರೆಸಿ ಹೊಳಪು ಮಾಡಬೇಡಿ: ಬ್ಯಾಟಿನ ಮೇಲಿನ ಕೆಂಪು ಚೆಂಡಿನ ಗುರುತು, ಸವೆದ ಗ್ರಿಪ್ಪು, ಮಣ್ಣು ಮೆತ್ತಿದ ಶೂ ಇವೇ ಆ ಮಗುವಿನ ಇತಿಹಾಸ. ಹೊಸ ಬ್ಯಾಟು ಕೊಟ್ಟು ನಿಲ್ಲಿಸಿದರೆ ಅಂಗಡಿಯ ಜಾಹೀರಾತಿನಂತೆ ಕಾಣುತ್ತದೆ.

ಕ್ಯಾಮೆರಾ ಕೆಳಗಿರಲಿ: ನೆಲಕ್ಕೆ ಹತ್ತಿರ ಕುಳಿತು ಮೇಲ್ಮುಖವಾಗಿ ತೆಗೆದರೆ ಆಟಗಾರ ಎತ್ತರವಾಗಿ ಕಾಣುತ್ತಾನೆ. ಹಿಂದಿನ ಕಟ್ಟಡ, ಬೈಕುಗಳ ಸಾಲು ತಗ್ಗಿ ಆಕಾಶ ಸಿಗುತ್ತದೆ. ಮಹಾನಗರದ ಮೈದಾನಗಳಲ್ಲಿ ಇದು ದೊಡ್ಡ ಅನುಕೂಲ.

ಬೆಳಕು ಬೆನ್ನ ಹಿಂದೆ: ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಒಳ್ಳೆಯದು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಕೂದಲು, ಭುಜದ ಅಂಚು ಹೊಳೆಯುತ್ತದೆ. ಕಾಲಿನಿಂದ ಎದ್ದ ಧೂಳೂ ಬೆಳಗುತ್ತದೆ. ಮುಖ ಕಪ್ಪಾದರೆ ಎದುರಿಗೆ ಬಿಳಿ ಥರ್ಮಕೋಲ್ ಹಾಳೆ ಹಿಡಿಯಿರಿ.

ಚಲನೆ ಇರಲಿ: ಚೆಂಡು ಗಾಳಿಯಲ್ಲಿ ನಿಂತಂತೆ ಕಾಣಲು ಶಟರ್ ವೇಗ 1/1000 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿರಲಿ. ಓಟಗಾರ್ತಿಯಾದರೆ 1/30ಕ್ಕೆ ಇಳಿಸಿ, ಅವಳ ಜೊತೆಜೊತೆಗೇ ಕ್ಯಾಮೆರಾ ತಿರುಗಿಸಿ. ಹಿನ್ನೆಲೆ ಗೆರೆಗೆರೆಯಾಗಿ ಜಾರುತ್ತದೆ. ಮೊದಲ ಹತ್ತು ಫೋಟೊ ಕೆಡಬಹುದು, ಬಿಡಬೇಡಿ.

ಆಟ ಮುಗಿದ ಮೇಲಿನ ಹೊತ್ತು: ಪ್ಯಾಡ್ ಬಿಚ್ಚುವುದು, ಮೆಟ್ಟಿಲ ಮೇಲೆ ಕುಳಿತು ಲೇಸು ಸಡಿಲಿಸುವುದು, ರ‍್ಯಾಕೆಟ್ ಮಡಿಲಲ್ಲಿಟ್ಟು ನೀರು ಕುಡಿಯುವುದು. ‘ಸ್ಮೈಲ್’ ಎನ್ನದೆ ಇವನ್ನು ತೆಗೆಯಿರಿ. ಪೋಸಿನಲ್ಲಿ ಸಿಗದ ಮುಖ ಇಲ್ಲಿ ಸಿಗುತ್ತದೆ.

ಯಾವ ವಸ್ತು ಹಿಡಿಯಬೇಕೆಂದು ಮಗುವೇ ಆರಿಸಲಿ. ನೀವು ಮೆಡಲ್ ತನ್ನಿ ಎನ್ನುತ್ತೀರಿ, ಅವಳು ಅಂಟುಪಟ್ಟಿ ಸುತ್ತಿದ ಹಳೆಯ ಹಾಕಿ ಸ್ಟಿಕ್ ತರಬಹುದು. ಅದನ್ನೇ ತೆಗೆಯಿರಿ. ಆಮೇಲೆ ಒಂದನ್ನಾದರೂ ಪ್ರಿಂಟ್ ಹಾಕಿಸಿ ಓದುವ ಮೇಜಿನ ಮೇಲಿಡಿ. ಪರೀಕ್ಷೆ ಮುಗಿದ ಮರುದಿನ ಅಟ್ಟದಿಂದ ಕಿಟ್ ಇಳಿಸಲು ಅದೊಂದು ನೆನಪೋಲೆಯಾದೀತು.