ಕೇರೆಹಾವಾದ ನಾಗರಹಾವು: ಕೃತಿಯ ಅರ್ಥ ಯಾರ ಕೈಯಲ್ಲಿದೆ?

ಒಂದು ಕೃತಿಯ ಅರ್ಥವನ್ನು ಗೊತ್ತುಮಾಡುವಾಗ ಅದನ್ನು ರಚಿಸಿದವರ ಆಶಯಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಸಾಹಿತ್ಯ ವಿಮರ್ಶೆಯ ಹಳೆಯ ಪ್ರಶ್ನೆ. ಕನ್ನಡ ಪಠ್ಯಪುಸ್ತಕಗಳು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿವೆ. ಪಾಠದ ಜೊತೆಗೆ ಕೃತಿಕಾರರ ಪರಿಚಯ ಇರುತ್ತದೆ, ‘ಆಶಯ ಭಾವ’ ಇರುತ್ತದೆ. ಕವಿಯ ಆಶಯವನ್ನು ವಿವರಿಸಿ ಎಂದು ಪರೀಕ್ಷೆಯಲ್ಲಿ ಕೇಳಲಾಗುತ್ತದೆ. ಕವಿಯ ಮನಸ್ಸಿನಲ್ಲಿ ಒಂದು ಅರ್ಥವಿತ್ತು, ಅದನ್ನು ಪದ್ಯದೊಳಗೆ ಇಟ್ಟರು, ಓದುವವರು ಅದನ್ನು ಹೊರತೆಗೆಯಬೇಕು ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆ ತಪ್ಪೇನಲ್ಲ, ಆದರೆ ಎಲ್ಲ ಬಗೆಯ ಕೃತಿಗೂ ಅದು ಹೊಂದುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬಂಡೆ, ಕಾದಂಬರಿ, ಹಾಡುಗಳನ್ನೇ ಎದುರಿಗಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಭಾರತೀಯ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ತಾತ್ಪರ್ಯವೆಂದರೆ ಮಾತಾಡಿದವನ ಇಚ್ಛೆ ಎಂದು ನೈಯಾಯಿಕರು ಹೇಳಿದರು. ‘ಸೈಂಧವ’ ಎಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕೂತವನು ಸೈಂಧವ ತಾ ಎಂದರೆ ಉಪ್ಪು, ಪಯಣಕ್ಕೆ ಹೊರಟು ನಿಂತವನು ಹೇಳಿದರೆ ಕುದುರೆ. ಮೀಮಾಂಸಕರಿಗೆ ಈ ದಾರಿ ಮುಚ್ಚಿತ್ತು. ವೇದ ಅಪೌರುಷೇಯ, ಅದನ್ನು ಯಾರೂ ಬರೆದಿಲ್ಲ ಎಂದು ನಂಬಿದವರು ಯಾರ ಇಚ್ಛೆಯನ್ನು ಹುಡುಕಬೇಕು? ಹಾಗಾಗಿ ಅವರ ಪರಂಪರೆ ಗ್ರಂಥದೊಳಗಿನ ಗುರುತುಗಳನ್ನೇ ನೆಚ್ಚಿತು: ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾವುದು ಮತ್ತೆ ಮತ್ತೆ ಬರುತ್ತದೆ, ಹೊಸದಾಗಿ ಏನು ಹೇಳಿದೆ, ಫಲ ಯಾವುದು. ಕರ್ತೃವಿಲ್ಲದೆಯೂ ಅರ್ಥಕ್ಕೆ ಶಿಸ್ತು ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಸಿಗುವುದು ಕಷ್ಟ. ಆಲಂಕಾರಿಕರು ಸಹೃದಯನನ್ನು ಮುಂದೆ ತಂದರು. ರಾಜಶೇಖರನು ಬರೆಯುವ ಪ್ರತಿಭೆಯ ಜೊತೆಗೆ ಓದಿ ಭಾವಿಸುವ ಪ್ರತಿಭೆಯೂ ಒಂದಿದೆ ಎಂದು ಬೇರೆಯಾಗಿ ಹೆಸರಿಟ್ಟನು.

ಪಶ್ಚಿಮದಲ್ಲಿ ಈ ಚರ್ಚೆ ಕಾವೇರಿದ್ದು 20ನೇ ಶತಮಾನದಲ್ಲಿ. ಕವಿಯ ಉದ್ದೇಶ ಕವಿತೆಯನ್ನು ಅಳೆಯುವ ಕೋಲಾಗಲಾರದು ಎಂದು ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲಿ ವಾದಿಸಿದರು. 1967ರಲ್ಲಿ ರೊಲಾಂ ಬಾರ್ತ್ ಲೇಖಕನ ಸಾವನ್ನೇ ಸಾರಿದರೆ, ಅದೇ ವರ್ಷ ಇ.ಡಿ. ಹರ್ಷ್ ಲೇಖಕನ ಆಶಯವನ್ನು ಬಿಟ್ಟರೆ ಸರಿ ವ್ಯಾಖ್ಯಾನ, ತಪ್ಪು ವ್ಯಾಖ್ಯಾನ ಎಂಬ ಭೇದವೇ ಉಳಿಯದು ಎಂದರು. ಕನ್ನಡದ ನವ್ಯ ವಿಮರ್ಶೆಯ ಕೃತಿನಿಷ್ಠೆ ಮೊದಲ ವಾದಕ್ಕೆ ಹತ್ತಿರದ್ದು.

ಆಶಯವೇ ಮುಖ್ಯವಾದ ಬರಹ ಹೇಗಿರುತ್ತದೆ ಎಂಬುದನ್ನು ನೋಡಲು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಅಲ್ಲಿ, ಸಿದ್ದಾಪುರದಲ್ಲಿ ಮತ್ತು ಜಟಂಗಿ ರಾಮೇಶ್ವರ ಬೆಟ್ಟದಲ್ಲಿ ಇರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ಶಾಸನ ಕಾವ್ಯವಲ್ಲ, ರಾಜಾಜ್ಞೆ. ಆಜ್ಞೆ ಕೊಟ್ಟವನ ಮನಸ್ಸಿನಲ್ಲಿ ಏನಿತ್ತು ಎಂಬುದೇ ಅಲ್ಲಿ ಮುಖ್ಯ. ಆದರೆ ಕೊಟ್ಟವನು ಯಾರು? ಮಾತು ದೇವಾನಾಂಪ್ರಿಯನದು, ಅಂದರೆ ಅಶೋಕನದು, ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಅದನ್ನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ್ದಾರೆ, ಬರೆದವನು ಚಪಡ. ಈ ಲಿಪಿಕಾರ ಬ್ರಾಹ್ಮಿಯಲ್ಲಿ ಶಾಸನ ಮುಗಿಸಿ, ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅವನು ಹಾಗೇಕೆ ಮಾಡಿದನೆಂದು ಬಂಡೆ ಹೇಳುವುದಿಲ್ಲ.

ಅರ್ಥದ ಜಗಳವೂ ಇಲ್ಲಿ ನಡೆದಿದೆ. ಜಂಬೂದ್ವೀಪದ ಜನರನ್ನೂ ದೇವರನ್ನೂ ಕುರಿತ ವಾಕ್ಯದ ‘ಮಿಸಾ’ ಎಂಬ ಪದವನ್ನು ಮೊದಲ ವಿದ್ವಾಂಸರು ‘ಮೃಷಾ’, ಅಂದರೆ ಸುಳ್ಳು, ಎಂದು ಹಿಡಿದರು. ಅಶೋಕ ಹಳೆಯ ದೇವರುಗಳನ್ನು ಸುಳ್ಳು ಮಾಡಿದ ಎಂಬ ಅರ್ಥ ಹೊರಟಿತು. ‘ಮೃಷಾ’ ಆ ಪ್ರಾಕೃತದಲ್ಲಿ ‘ಮುಸಾ’ ಆಗಬೇಕಿತ್ತು, ಇದು ‘ಮಿಶ್ರ’, ಅಂದರೆ ಬೆರೆತದ್ದು, ಎಂದು ಆಮೇಲೆ ತಿಳಿಯಿತು. ದೇವರು ಸುಳ್ಳಾದ ಕಥೆ ಜನ ದೇವರೊಡನೆ ಬೆರೆತ ಕಥೆಯಾಯಿತು. ಅಶೋಕನ ಆಶಯ ತಿಳಿಯಲು ಇದ್ದ ದಾರಿ ಭಾಷೆಯ ನಿಯಮ ಮತ್ತು ಬೇರೆ ಊರುಗಳ ಪ್ರತಿಗಳ ಹೋಲಿಕೆ. ಆಶಯವೇ ಸರ್ವಸ್ವವಾದ ಬರಹದಲ್ಲೂ ಅದನ್ನು ಬರಹದ ಮೂಲಕವೇ ಮುಟ್ಟಬೇಕಾಯಿತು.

ಕರ್ತೃ ಬದುಕಿದ್ದು, ತನ್ನ ಆಶಯವನ್ನು ಬಾಯಿಬಿಟ್ಟು ಹೇಳಿದಾಗ ಏನಾಗುತ್ತದೆ? ಇದಕ್ಕೆ ಕನ್ನಡದ ದೊಡ್ಡ ಉದಾಹರಣೆ ತ.ರಾ.ಸು. (1920–1984). ಅವರ ಹೆಸರಿನ ಮೊದಲ ಅಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕು. ಕನ್ನಡದ ಪ್ರಾಧ್ಯಾಪಕರಾಗಿ ಮೈಸೂರಿನಲ್ಲಿ ಒಂದು ತಲೆಮಾರನ್ನೇ ಬೆಳೆಸಿದ ಟಿ.ಎಸ್. ವೆಂಕಣ್ಣಯ್ಯನವರೂ ಅದೇ ಮನೆತನದವರು, ತ.ರಾ.ಸು. ಅವರ ದೊಡ್ಡಪ್ಪ. ಅನಕೃ ಅವರೊಡನೆ ಪ್ರಗತಿಶೀಲ ಚಳವಳಿಯಲ್ಲಿದ್ದ ತ.ರಾ.ಸು. ಅವರಿಗೆ ಸಾಹಿತ್ಯಕ್ಕೆ ಸ್ಪಷ್ಟ ಉದ್ದೇಶ ಇರಬೇಕೆಂಬ ನಂಬಿಕೆಯಿತ್ತು.

ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರ ಮಾಡಿದರು. ವಿಷ್ಣುವರ್ಧನ್ ರಾಮಾಚಾರಿಯಾದರು, ಕೆ.ಎಸ್. ಅಶ್ವಥ್ ಚಾಮಯ್ಯ ಮೇಷ್ಟ್ರಾದರು. ಚಿತ್ರ ಕನ್ನಡಿಗರ ಮನೆಮಾತಾಯಿತು. ಆದರೆ ತ.ರಾ.ಸು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಹೇಳಿದರೆಂಬುದು ಇಂದಿಗೂ ಚಾಲ್ತಿಯಲ್ಲಿರುವ ಮಾತು. ಕೇರೆಹಾವಿಗೆ ಉದ್ದ ಇದೆ, ಓಟ ಇದೆ, ವಿಷ ಇಲ್ಲ. ಬಯಲುಸೀಮೆಯ ಹೊಲಗಳಲ್ಲಿ ಎರಡನ್ನೂ ಕಂಡವರಿಗೆ ಆ ಮಾತಿನ ನೋವು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಚಿತ್ರ ಕಾದಂಬರಿಗೆ ನಿಷ್ಠವಾಗಿದೆಯೇ ಎಂಬುದು ಒಂದು. ಇದರಲ್ಲಿ ತ.ರಾ.ಸು. ಮಾತಿಗಿರುವ ತೂಕ ಬೇರೆ ಯಾರ ಮಾತಿಗೂ ಇಲ್ಲ. ಚಿತ್ರದ ಅರ್ಥವೇನು ಎಂಬುದು ಇನ್ನೊಂದು. ಚಿತ್ರ ಬರಿಯ ತ.ರಾ.ಸು. ಅವರದಲ್ಲ, ಪುಟ್ಟಣ್ಣನವರದು, ನಟರದು, ಸಂಗೀತ ಕೊಟ್ಟ ವಿಜಯಭಾಸ್ಕರ್ ಅವರದು, ಚಿತ್ರದುರ್ಗದ ಕೋಟೆಯ ಕಲ್ಲುಗಳದು ಕೂಡ. ಜಯಂತಿ ಓಬವ್ವನಾಗಿ ಕಾಣಿಸಿಕೊಂಡ ಹಾಡನ್ನೇ ನೋಡಿ. ರಾಜ್ಯೋತ್ಸವದ ವೇದಿಕೆಯಲ್ಲಿ ಅದಕ್ಕೆ ಹೆಜ್ಜೆ ಹಾಕುವ ಮಕ್ಕಳಿಗೆ ರಾಮಾಚಾರಿಯ ಕಥೆ ಬೇಕಾಗಿಯೇ ಇಲ್ಲ. ಅದು ಕಾದಂಬರಿಯಿಂದಲೂ ಚಿತ್ರದಿಂದಲೂ ಕಳಚಿಕೊಂಡು ನಾಡಿನ ಹಾಡಾಗಿದೆ. ರಾಮಾಚಾರಿಯ ಹೆಸರೂ 1991ರ ‘ರಾಮಾಚಾರಿ’, 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಚಿತ್ರಗಳ ತನಕ ನಡೆದುಬಂತು.

ಲೇಖಕರಿಗೆ ಆದ ನಷ್ಟವೂ ಸಣ್ಣದಲ್ಲ. ಇಂದು ಆ ಕಾದಂಬರಿಗಳನ್ನು ಕೈಗೆತ್ತಿಕೊಳ್ಳುವವರಿಗೆ ಮೊದಲ ಪುಟದಿಂದಲೇ ವಿಷ್ಣುವರ್ಧನ್ ಮುಖ ಕಾಣುತ್ತದೆ, ಅಶ್ವಥ್ ದನಿ ಕೇಳುತ್ತದೆ. ಆಮೇಲೆ ಬಂದ ಕೃತಿ ಮೊದಲಿನದರ ಅರ್ಥವನ್ನೂ ಬದಲಿಸಿಬಿಟ್ಟಿದೆ. ಇಂಥಲ್ಲಿ ಲೇಖಕರ ತಕರಾರು ಅರ್ಥದ ಮೇಲಿನ ಹಟವೆಂದು ತಳ್ಳಿಹಾಕುವಂಥದ್ದಲ್ಲ, ಮೂಲವನ್ನು ಮೂಲವಾಗಿ ಓದಿ ಎಂಬ ಕೋರಿಕೆ. ಅದು ನ್ಯಾಯವಾದ ಕೋರಿಕೆ. ಅವರ ‘ಹಂಸಗೀತೆ’ಯೂ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಆಯಿತು, 1975ರಲ್ಲಿ ಜಿ.ವಿ. ಅಯ್ಯರ್ ಕೈಯಲ್ಲಿ ಕನ್ನಡ ಚಿತ್ರವಾಯಿತು. ಒಂದೇ ಕಾದಂಬರಿ, ಎರಡೂ ಬೇರೆ ಬೇರೆ ಕೃತಿಗಳು.

ಅದೇ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ಈ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಕಾಡುಗೊಲ್ಲರ ದೈವಗಳಾದ ಜುಂಜಪ್ಪ, ಎತ್ತಪ್ಪರ ಪದಗಳನ್ನು ಮೊದಲು ಕಟ್ಟಿದವರು ಯಾರೆಂದು ಹೇಳುವವರಿಲ್ಲ. ಹಾಡುವವರು ಕೇಳುವವರನ್ನು ನೋಡಿ ಸೊಲ್ಲು ಸೇರಿಸುತ್ತಾರೆ, ಬಿಡುತ್ತಾರೆ. ಓದುಬರಹ ಕಲಿಯದ ಸಿರಿಯಜ್ಜಿ ಇಂಥ ಪದಗಳ ಕಣಜವಾಗಿದ್ದರು. ಆಕೆಯ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಪದ ಅಚ್ಚಾದ ಕೂಡಲೇ ಪುಸ್ತಕದ ಮೇಲೆ ಹಾಡಿದವರ ಹೆಸರು ಬರುತ್ತದೆ, ಓದುವವರು ಆ ಹೆಸರನ್ನು ಕವಿಯ ಹೆಸರಿನಂತೆ ಹಿಡಿಯುತ್ತಾರೆ, ಆಶಯ ಹುಡುಕಲು ಹೊರಡುತ್ತಾರೆ. ಆದರೆ ಹಾಡಿದವರು ತಾವು ಹುಟ್ಟಿಸದ ಪದಕ್ಕೆ ತಮ್ಮ ಕೊರಳು ಕೊಟ್ಟವರು. ಹಾಗಾಗಿ ಜಾನಪದ ಸಂಗ್ರಾಹಕರು ಬೇರೆ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಾರೆ: ಈ ಪದವನ್ನು ಬೀಸುವಾಗ ಹಾಡುತ್ತಾರೋ, ಮದುವೆಯಲ್ಲೋ, ದೇವರ ಮುಂದೋ, ಕಲಿತದ್ದು ತಾಯಿಯಿಂದಲೋ ನೆರೆಯವರಿಂದಲೋ, ಸೊಲ್ಲು ಹಿಡಿದವರು ಯಾರು, ಪಕ್ಕದ ಹಟ್ಟಿಯವರು ಇದನ್ನೇ ಹೇಗೆ ಹಾಡುತ್ತಾರೆ. ಕವಿಯ ಆಶಯ ಸಿಗದ ಕಡೆ ಪದದ ಅರ್ಥಕ್ಕೆ ಆಧಾರ ಈ ಟಿಪ್ಪಣಿಗಳೇ.